ಅಡೆನೊಸಿನ್ ತಡೆ: ಇಲಿಗಳಲ್ಲಿ ಗೆದ್ದದ್ದು ರೋಗಿಗಳಲ್ಲಿ ತಡವರಿಸಿದ್ದೇಕೆ?

ಕೆಲವು ಬಗೆಯ ಅತಿವೇಗದ ಹೃದಯ ಬಡಿತಕ್ಕೆ ತುರ್ತು ಘಟಕದಲ್ಲಿ 6 ಮಿಲಿಗ್ರಾಂ ಅಡೆನೊಸಿನ್ ಎಂಬ, ದೇಹದಲ್ಲೂ ತಯಾರಾಗುವ ರಾಸಾಯನಿಕವನ್ನು ರಭಸವಾಗಿ ರಕ್ತನಾಳಕ್ಕೆ ಕೊಟ್ಟು, ಹಿಂದೆಯೇ ಸಲೈನ್ ನೂಕುತ್ತಾರೆ. ನಿಧಾನಿಸಿದರೆ ಮದ್ದು ಹೃದಯ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ (ಅರ್ಧದಷ್ಟು ಮಾಯವಾಗುವ ಸಮಯ) 10 ಸೆಕೆಂಡಿಗೂ ಕಡಿಮೆ. ಕ್ಯಾನ್ಸರ್ ಗೆಡ್ಡೆಯೊಳಗೆ ಹಾಗಲ್ಲ. ಅಲ್ಲಿ ಖರ್ಚಾದಷ್ಟೂ ಹೊಸದು ತಯಾರಾಗುತ್ತಲೇ ಇರುತ್ತದೆ.

ತಯಾರಾಗುವುದು ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ. ಸಾಯುವ ಜೀವಕೋಶಗಳಿಂದ ಹೊರಚೆಲ್ಲುವ ಎಟಿಪಿ ರೋಗನಿರೋಧಕ ವ್ಯವಸ್ಥೆಗೆ ಅಪಾಯದ ಕರೆ. ಆದರೆ ಸಿಡಿ39 ಎಂಬ ಕಿಣ್ವ ಅದನ್ನು ಎಎಂಪಿಗೆ ಇಳಿಸುತ್ತದೆ, ಸಿಡಿ73 ಅದರಿಂದ ಅಡೆನೊಸಿನ್ ಮಾಡುತ್ತದೆ. ಆಮ್ಲಜನಕ ಕಡಿಮೆಯಿರುವ ಗೆಡ್ಡೆಯಲ್ಲಿ ಈ ಕಿಣ್ವಗಳು ಹೆಚ್ಚುತ್ತವೆ. ಗೆಡ್ಡೆಯ ಮೇಲೆ ದಾಳಿ ಮಾಡುವ ರೋಗನಿರೋಧಕ ಟಿ-ಕೋಶದ ಮೇಲಿನ ಎ2ಎ ಗ್ರಾಹಕಕ್ಕೆ ಅಡೆನೊಸಿನ್ ಅಂಟಿದರೆ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರಿ, ಕೋಶದ ದಾಳಿ ಮಂಕಾಗುತ್ತದೆ. ಅಪಾಯದ ಕರೆಯೇ ಸುಮ್ಮನಿರು ಎಂಬ ಆಜ್ಞೆಯಾಗುತ್ತದೆ.

ಹೃದಯದ ಮೇಲೆ ಅಡೆನೊಸಿನ್ ಪರಿಣಾಮವನ್ನು ವಿಜ್ಞಾನಿಗಳಾದ ಡ್ರೂರಿ ಮತ್ತು ಸೆಂಟ್-ಗ್ಯೋರ್ಗಿ 1929ರಲ್ಲೇ ವರದಿ ಮಾಡಿದ್ದರು. ರೋಗನಿರೋಧಕ ಶಕ್ತಿಯ ಜೊತೆಗಿನ ನಂಟು ಖಚಿತವಾಗಲು 2001 ಬರಬೇಕಾಯಿತು. ಎ2ಎ ಇಲ್ಲದ ಇಲಿಗಳಿಗೆ ಸಾಮಾನ್ಯ ಇಲಿಗಳು ತಾಳಿಕೊಳ್ಳುವಷ್ಟೇ ಉರಿಯೂತ ಉಂಟುಮಾಡಿದಾಗ ಅಂಗಾಂಶ ತೀವ್ರವಾಗಿ ಹಾಳಾಯಿತು ಎಂದು ಓಟಾ ಮತ್ತು ಸಿಟ್ಕೋವ್ಸ್ಕಿ ತೋರಿಸಿದರು. ಅಂದರೆ ಇದು ದೇಹ ತನ್ನ ರಕ್ಷಣೆಗೇ ಇಟ್ಟುಕೊಂಡ ಬ್ರೇಕು. ಗೆಡ್ಡೆ ಅದರ ಮೇಲೆ ಕಾಲಿಟ್ಟು ಕೂತಿದೆ. 2006ರಲ್ಲಿ ಅದೇ ತಂಡ, ಆ ಗ್ರಾಹಕವಿಲ್ಲದ ಇಲಿಗಳ ಪೈಕಿ ಸುಮಾರು 60% ಇಲಿಗಳು ಗೆಡ್ಡೆಯನ್ನು ತಿರಸ್ಕರಿಸಿದವು, ಸಾಮಾನ್ಯ ಇಲಿಗಳಲ್ಲಿ ಒಂದೂ ಇಲ್ಲ ಎಂದು ವರದಿ ಮಾಡಿತು.

ಆ ಗ್ರಾಹಕವನ್ನು ತಡೆದು ಟಿ-ಕೋಶಗಳನ್ನು ಮತ್ತೆ ದಾಳಿಗಿಳಿಸುವ ಕನಸು ಹುಟ್ಟಿತು. ಅದಕ್ಕೆ ಔಷಧ ಹುಡುಕುವುದು ಕಷ್ಟವಾಗಲಿಲ್ಲ. ಪಾರ್ಕಿನ್ಸನ್ ಕಾಯಿಲೆಗಾಗಿ ಎ2ಎ ತಡೆಗಳನ್ನು ಆಗಲೇ ರೂಪಿಸುತ್ತಿದ್ದರು. ಅವುಗಳಲ್ಲಿ ಇಸ್ಟ್ರಾಡೆಫಿಲಿನ್‌ಗೆ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. (ನಮ್ಮ ಫಿಲ್ಟರ್ ಕಾಫಿಯ ಕೆಫೀನ್ ತಡೆಯುವುದೂ ಇದೇ ಗ್ರಾಹಕವನ್ನು, ಆದರೆ ದುರ್ಬಲವಾಗಿ. ಲೋಟದ ಲೆಕ್ಕ ಹೆಚ್ಚಿಸಿದರೆ ಚಿಕಿತ್ಸೆಯಾಗದು.) ತೊಡಕು ಪೈಪೋಟಿಯದು. ಆರೋಗ್ಯವಂತ ಅಂಗಾಂಶದಲ್ಲಿ ಅಡೆನೊಸಿನ್ ನ್ಯಾನೊಮೋಲಾರ್ ಮಟ್ಟದಲ್ಲಿದ್ದರೆ ಗೆಡ್ಡೆಯಲ್ಲಿ ಮೈಕ್ರೊಮೋಲಾರ್ ಮುಟ್ಟುತ್ತದೆ (ಒಂದು ಮೈಕ್ರೊ ಎಂದರೆ ಸಾವಿರ ನ್ಯಾನೊ). ಒಂದೇ ಜಾಗಕ್ಕೆ ಹಲವು ಪಟ್ಟು ಹೆಚ್ಚು ಅಡೆನೊಸಿನ್ ನುಗ್ಗುವಾಗ, ಮಿದುಳಿಗೆ ಸಾಕಾದ ಔಷಧ ಇಲ್ಲಿ ಹಿಂದೆ ಬೀಳಬಹುದು.

2020ರಲ್ಲಿ ಪ್ರಕಟವಾದ, ಸಿಫೊರಾಡೆನಂಟ್ ಎಂಬ ಎ2ಎ ತಡೆಯ ಪ್ರಯೋಗ ಈ ಕನಸನ್ನು ನೆಲಕ್ಕಿಳಿಸಿತು. ಆಗಲೇ ಹಲವು ಚಿಕಿತ್ಸೆ ಪಡೆದಿದ್ದ 68 ಮಂದಿ ಮೂತ್ರಪಿಂಡ ಕ್ಯಾನ್ಸರ್ ರೋಗಿಗಳಲ್ಲಿ, ಈ ಮಾತ್ರೆಯೊಂದನ್ನೇ ಪಡೆದವರ ಪೈಕಿ 3%, ಅಟೆಜೊಲಿಜುಮ್ಯಾಬ್ ಎಂಬ ರೋಗನಿರೋಧಕ ಚಿಕಿತ್ಸೆಯ ಜೊತೆ ಪಡೆದವರ ಪೈಕಿ 11% ಮಂದಿಯ ಗೆಡ್ಡೆ ಮಾತ್ರ ಗಣನೀಯವಾಗಿ ಕುಗ್ಗಿತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಅದರ ಬೆನ್ನಿಗೆ ಸಿಕ್ಕ ಸುಳಿವು: ಅಡೆನೊಸಿನ್‌ಗೆ ಸ್ಪಂದಿಸುವ ಜೀನ್‌ಗಳ ಸಕ್ರಿಯತೆ ಹೆಚ್ಚಿದ್ದ ಗೆಡ್ಡೆಗಳಲ್ಲೇ ಪ್ರಯೋಜನ ಕಂಡಿತ್ತು. ಎಲ್ಲ ಗೆಡ್ಡೆಗಳೂ ಈ ಬ್ರೇಕನ್ನೇ ನೆಚ್ಚಿಕೊಂಡಿಲ್ಲ. ಆರಿಸದೆ ಎಲ್ಲರಿಗೂ ಕೊಟ್ಟರೆ ಸರಾಸರಿ ಸೋಲುತ್ತದೆ.

ಆಮೇಲಿನ ದಾರಿಗಳು ಎರಡು. ಸಿಡಿ73ನ್ನೇ ಕಟ್ಟಿಹಾಕಿ ಉತ್ಪಾದನೆ ನಿಲ್ಲಿಸುವುದು ಒಂದು. ಓಲೆಕ್ಲುಮ್ಯಾಬ್ ಪ್ರತಿಕಾಯ ಮಾಡುವುದು ಅದನ್ನೇ. ಅಡೆನೊಸಿನ್ ಮಟ್ಟ ತೀರಾ ಏರಿದಾಗ ಕೆಲಸ ಶುರುಮಾಡುವ ಎ2ಬಿ ಗ್ರಾಹಕವನ್ನೂ ಸೇರಿಸಿ ತಡೆಯುವುದು ಇನ್ನೊಂದು. ಎರಡನೆಯದಕ್ಕೆ ಸೇರಿದ ಎಟ್ರುಮಡೆನಂಟ್, ಹರಡಿದ ದೊಡ್ಡಕರುಳಿನ ಕ್ಯಾನ್ಸರ್‌ನ ಪ್ರಯೋಗವೊಂದರಲ್ಲಿ 2024ರಲ್ಲಿ ಗಮನ ಸೆಳೆಯಿತು: ಬದುಕುಳಿದ ಅವಧಿಯ ಮಧ್ಯಾಂಕ ಸುಮಾರು 19.7 ತಿಂಗಳು, ಹೋಲಿಕೆಯ ಗುಂಪಿನಲ್ಲಿ 9.5. ಅಂಕಿ ದೊಡ್ಡದೇ. ಆದರೆ ಮೊದಲ ಗುಂಪಿಗೆ ಇದರ ಜೊತೆ ಜಿಂಬೆರೆಲಿಮ್ಯಾಬ್ (ರೋಗನಿರೋಧಕ ಚಿಕಿತ್ಸೆ), ಕೀಮೊ, ಬೆವಾಸಿಜುಮ್ಯಾಬ್ (ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧ) ಎಲ್ಲವೂ ಸಿಕ್ಕಿದ್ದವು. ಎರಡನೆಯ ಗುಂಪಿಗೆ ರೆಗೊರಾಫೆನಿಬ್ ಎಂಬ ಒಂದೇ ಕ್ಯಾನ್ಸರ್ ಔಷಧ. ಆ ಹತ್ತು ತಿಂಗಳಲ್ಲಿ ಅಡೆನೊಸಿನ್ ತಡೆಯ ಪಾಲೆಷ್ಟು, ಕೀಮೊದ ಪಾಲೆಷ್ಟು ಎಂದು ಈ ಹೋಲಿಕೆಯಿಂದ ಬಿಡಿಸಲಾಗದು.