ರಾಗ ಗೊತ್ತುಮಾಡದೆ ನುಡಿಸುವ ಮೇಳಕ್ಕೆ ಯಾರನ್ನು ಕರೆಯಬೇಕು?

ಪ್ರಶ್ನೆ: ನಾವು ಬೆಳಗಾವಿಯ ಕೆಲವು ಸಂಗೀತಾಸಕ್ತರು. ಹಾರ್ಮೋನಿಯಂ, ತಬಲಾ ಮತ್ತು ಗಿಟಾರ್ ನುಡಿಸುವವರು ನಮ್ಮಲ್ಲಿದ್ದಾರೆ. ಸವದತ್ತಿ ಕಡೆಯ ಚೌಡಿಕೆ (ಎಲ್ಲಮ್ಮನ ಪದಗಳಿಗೆ ಮೀಟುವ ತಂತಿವಾದ್ಯ) ಕಲಾವಿದೆಯೊಬ್ಬರನ್ನೂ ಕರಡಿ ಮಜಲು ಎಂಬ ಮೆರವಣಿಗೆ ಮೇಳದ ಸನಾದಿ (ಶಹನಾಯಿಯಂಥ ಊದುವ ವಾದ್ಯ) ವಾದಕರೊಬ್ಬರನ್ನೂ ಸೇರಿಸಿಕೊಂಡು, ರಾಗ, ತಾಳ, ಹಾಡು ಯಾವುದನ್ನೂ ಮೊದಲೇ ಗೊತ್ತುಮಾಡದೆ ವೇದಿಕೆಯ ಮೇಲೆಯೇ ಸಂಗೀತ ಕಟ್ಟಬೇಕೆಂದಿದ್ದೇವೆ. ಇಂಥ ಮೇಳಕ್ಕೆ ಕಲಾವಿದರನ್ನು ಆರಿಸುವುದು ಹೇಗೆ? ಏನನ್ನೂ ಗೊತ್ತುಮಾಡದ ಮೇಲೆ ತಾಲೀಮು ಯಾವುದರದ್ದು?

ಉತ್ತರ: ವಾದ್ಯಗಳ ಆಯ್ಕೆ ಚೆನ್ನಾಗಿಯೇ ಇದೆ. ನಿಮಗೆ ತೊಡಕಾಗುವುದು ಸಾಥ್ ಕೊಡುವ, ಅಂದರೆ ಮುಖ್ಯ ಕಲಾವಿದರ ಜೊತೆಗೆ ಪಕ್ಕವಾದ್ಯ ನುಡಿಸುವ ರೂಢಿ. ಪಂಡಿತ ರಾಮಭಾವು ವಿಜಾಪುರೆಯವರಂಥ ಹಾರ್ಮೋನಿಯಂ ಗುರುಗಳಿದ್ದ ಊರು ನಿಮ್ಮದು. ಗಾಯಕರ ಸ್ವರ ಹೊರಟ ಅರೆಕ್ಷಣಕ್ಕೆ ಅದನ್ನು ಹಿಡಿದು ನೆರಳಿನಂತೆ ನಡೆಯುವುದು ಅಲ್ಲಿ ದೊಡ್ಡ ವಿದ್ಯೆ. ಠೇಕಾ (ತಾಳದ ನಿಗದಿತ ನಡೆ) ಬಿಡದೆ ಕಾಯ್ದುಕೊಂಡು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಬಂದು ನಿಲ್ಲುವುದು ತಬಲಾ ವಾದಕರ ಗೌರವದ ಪ್ರಶ್ನೆ. ಆದರೆ ನಿಮ್ಮದರಂತೆ ಆ ಕ್ಷಣದಲ್ಲೇ ಕಟ್ಟುವ ಮುಕ್ತ ಮನೋಧರ್ಮದ ಸಂಗೀತದಲ್ಲಿ ಮುಖ್ಯ ಕಲಾವಿದರೇ ಇರುವುದಿಲ್ಲ. ಆಗ ಏನಾಗುತ್ತದೆಂದರೆ, ಹಾರ್ಮೋನಿಯಂನವರು ಎಲ್ಲರಿಗಿಂತ ಜೋರಾಗಿ ಕೇಳುವ ಸನಾದಿಯನ್ನೇ ಗಾಯಕರೆಂದು ಭಾವಿಸಿ ಬೆನ್ನು ಹತ್ತುತ್ತಾರೆ. ತಬಲಾದವರು ಎಲ್ಲಿಂದಲೋ ಒಂದು ಲಯ ಹೆಕ್ಕಿ ಕೆಹರವಾ ತಾಳ ಹಿಡಿಯುತ್ತಾರೆ. ಗಿಟಾರಿನವರು ಅದಕ್ಕೆ ಮೂರು ಕಾರ್ಡ್ ಜೋಡಿಸುತ್ತಾರೆ. ಅಲ್ಲಿಗೆ ಅದು ಸುಗಮ ಸಂಗೀತದ ಕಾರ್ಯಕ್ರಮವಾಗುತ್ತದೆ.

ಈ ರೂಢಿಯನ್ನು ಉಪದೇಶದಿಂದ ಬಿಡಿಸಲಾಗದು, ವಾದ್ಯದ ಮೂಲಕವೇ ಬಿಡಿಸಬೇಕು. ಹಾರ್ಮೋನಿಯಂ ನುಡಿಸುವವರಿಗೆ ಹತ್ತು ನಿಮಿಷ ಸ್ವರಪಂಕ್ತಿಯನ್ನೇ ನುಡಿಸಬೇಡಿ ಎನ್ನಿ. ತಿದಿಯ ಉಸಿರಿನ ಸದ್ದು, ಅರ್ಧ ಎಳೆದ ಸ್ಟಾಪ್‌ನಿಂದ ಗಾಳಿ ಸಾಲದೆ ಸೊರಗಿ ಬರುವ ಸ್ವರ, ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದಾಗಿನ ಕಂಪನ, ಇವೆಲ್ಲ ಆ ಪೆಟ್ಟಿಗೆಯೊಳಗೆ ಇರುವವೇ. ತಬಲಾದವರು ಡಗ್ಗಾದ (ಜೋಡಿಯ ದೊಡ್ಡ, ತಗ್ಗುದನಿಯ ವಾದ್ಯದ) ಮೇಲೆ ಅಂಗೈ ಒತ್ತಿ ಜಾರಿಸಲಿ, ಉಗುರಿನಿಂದ ಚರ್ಮ ಕೆರೆಯಲಿ, ಧಾ, ಧಿನ್‌ನಂಥ ಬೋಲ್ ಬೇಡ. ಲಂಡನ್ನಿನಲ್ಲಿ 1965ರಲ್ಲಿ ಶುರುವಾದ, ಹೀಗೆಯೇ ಏನನ್ನೂ ಗೊತ್ತುಮಾಡದೆ ನುಡಿಸುವ ಎಎಂಎಂ ತಂಡದ ಕೀತ್ ರೋ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ನುಡಿಸಿದ್ದಕ್ಕೂ ಇದೇ ಹಿನ್ನೆಲೆ. ಕೈಗೆ ಅಭ್ಯಾಸವಾದ ದಾರಿ ಮುಚ್ಚಿದಾಗ ಕಿವಿ ಚುರುಕಾಗುತ್ತದೆ.

ನಮ್ಮಲ್ಲಿ ಮನೋಧರ್ಮ ಮೊದಲಿನಿಂದಲೂ ಇದೆಯಲ್ಲ ಎಂದು ನೀವು ಕೇಳಬಹುದು. ಖಂಡಿತ ಇದೆ. ಖಯಾಲ್‌ನ ಆಲಾಪವಿದೆ, ಗೀಗೀ ಮೇಳಗಳ ಹರದೇಶಿ–ನಾಗೇಶಿ (ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ) ವಾದದಲ್ಲಿ ಎದುರಾಳಿಯ ಸವಾಲಿಗೆ ನಿಂತ ನಿಲುವಿನಲ್ಲೇ ಜವಾಬು ಕಟ್ಟುವವರನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆಲಾಪಕ್ಕೆ ರಾಗದ ಆಸರೆ ಇದೆ, ಗೀಗೀ ಪದಕ್ಕೆ ಧಾಟಿ ಮತ್ತು ಪಕ್ಷದ ಆಸರೆ ಇದೆ. ನಿಮ್ಮ ಮೇಳಕ್ಕೆ ಪರಸ್ಪರ ಕೇಳಿಸಿಕೊಳ್ಳುವುದೊಂದೇ ಆಸರೆ. ಹಾಗಾಗಿ ಆಯ್ಕೆಯೂ ಅದರ ಮೇಲೆಯೇ ನಡೆಯಬೇಕು.

ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿ 1976ರಲ್ಲಿ ‘ಕಂಪನಿ’ ಎಂಬ ಹೆಸರಿನಲ್ಲಿ ಶುರುಮಾಡಿದ ಪ್ರಯೋಗ ನಿಮಗೆ ನೇರವಾಗಿ ಉಪಯೋಗವಾದೀತು. ಬೇರೆ ಬೇರೆ ಹಿನ್ನೆಲೆಯ ವಾದಕರನ್ನು, ಎಷ್ಟೋ ಸಲ ಮೊದಲು ಜೊತೆಗೆ ನುಡಿಸಿಯೇ ಇರದವರನ್ನು, ಕರೆದು ಇಬ್ಬರು ಮೂವರ ಗುಂಪುಗಳಾಗಿ ಬದಲಿಸುತ್ತ ನುಡಿಸಲು ಬಿಡುತ್ತಿದ್ದರು. ನೀವೂ ಐವರನ್ನು ಒಮ್ಮೆಗೇ ಕೂರಿಸಬೇಡಿ. ಐವರಿಂದ ಹತ್ತು ಜೋಡಿಗಳಾಗುತ್ತವೆ. ಪ್ರತಿ ಜೋಡಿಯೂ ಐದು ನಿಮಿಷ ನುಡಿಸಲಿ, ಉಳಿದವರು ಕೇಳಲಿ. ಯಾರ ಕೈಚಳಕ ಹೆಚ್ಚು ಎಂಬುದನ್ನು ಬಿಟ್ಟುಬಿಡಿ. ಇನ್ನೊಬ್ಬರಿಗೆ ಜಾಗ ಬೇಕಾದಾಗ ಯಾರು ನಿಲ್ಲಿಸುತ್ತಾರೆ, ನಿಲ್ಲಿಸಿದ ಮೇಲೂ ಯಾರ ಗಮನ ಅಲ್ಲೇ ಇರುತ್ತದೆ ಎಂಬುದನ್ನು ನೋಡಿ. ಸುಮ್ಮನಿರಲಾಗದ ದೊಡ್ಡ ಕಲಾವಿದರಿಗಿಂತ ಸುಮ್ಮನಿರಬಲ್ಲ ಸಾಧಾರಣ ವಾದಕರನ್ನೇ ನಾನು ಆರಿಸುತ್ತೇನೆ, ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಶ್ರುತಿಯ ವಿಷಯ. ಸನಾದಿಯ ಷಡ್ಜ ಅದರ ಕೊಳವೆಯ ಅಳತೆಗೆ ಬಂಧಿಯಾಗಿದೆ. ಹಾರ್ಮೋನಿಯಂನ ಸ್ವರಗಳೂ ಸ್ಥಿರ. ಚೌಡಿಕೆಯ ತಂತಿ ಬಿಗಿತ ಬದಲಾದಂತೆ ಏರಿಳಿಯುತ್ತದೆ. ಎಲ್ಲರನ್ನೂ ಒಂದೇ ಶ್ರುತಿಗೆ, ಹಾರ್ಮೋನಿಯಂನ ಕಪ್ಪು ಎರಡರ ಕೀಗೆ, ತಂದು ನಿಲ್ಲಿಸುವ ಆಸೆ ಮೊದಲು ಹುಟ್ಟುತ್ತದೆ, ಅದನ್ನು ತಡೆಯಿರಿ. ಮೊಬೈಲಿನ ತಾನಪುರ ಶುರುವಾದರೆ ಸಾಕು, ಐದು ನಿಮಿಷದೊಳಗೆ ಯಾರಾದರೊಬ್ಬರು ಯಮನ್ ರಾಗ ಹಿಡಿದಿರುತ್ತಾರೆ. ಹೊಂದದ ಸ್ವರಗಳು ಹೊಂದದೆಯೇ ಎದುರುಬದುರು ನಿಲ್ಲಲಿ. ಅಲ್ಲಿಯೇ ನಿಮ್ಮ ಮೇಳದ ಬಣ್ಣ ಇದೆ.

ಜೋರಿನ ಪ್ರಶ್ನೆ ಹಾಗಲ್ಲ, ಅಲ್ಲಿ ಶಿಸ್ತು ಬೇಕು. ಸನಾದಿ ಮೆರವಣಿಗೆಯ ವಾದ್ಯ, ಬೀದಿಯ ಆ ತುದಿಗೂ ಕೇಳಬೇಕಾದದ್ದು. ಚೌಡಿಕೆ ಅದರ ಪಕ್ಕದಲ್ಲಿ ಮುಳುಗುತ್ತದೆ. ಪಕ್ಕದವರು ನುಡಿಸುವುದು ನಿಮಗೆ ಕೇಳದಿದ್ದರೆ ನೀವು ಜೋರಾಗಿ ನುಡಿಸುತ್ತಿದ್ದೀರಿ ಎಂಬ ನಿಯಮವನ್ನು ಲಂಡನ್ನಿನ ಡ್ರಮ್ ವಾದಕ ಜಾನ್ ಸ್ಟೀವನ್ಸ್ ಅವರದೆಂದು ಹೇಳುತ್ತಾರೆ. ಇದೊಂದನ್ನು ಎಲ್ಲರೂ ಒಪ್ಪಿಕೊಳ್ಳಲಿ. ಸನಾದಿಯವರು ತುಸು ದೂರ ಕೂರಬಹುದು ಅಥವಾ ಕೆಲವು ಭಾಗಗಳಲ್ಲಿ ಮಾತ್ರ ಸೇರಬಹುದು. ಚಿಕ್ಕ ಸಭಾಂಗಣವಾದರೆ ಮೈಕ್ ಇಲ್ಲದಿರುವುದೇ ಲೇಸು.

ತಾಲೀಮಿಗೆ ಸ್ಟೀವನ್ಸ್ ಕಲಿಸುತ್ತಿದ್ದ ಎರಡು ಅಭ್ಯಾಸಗಳು ಸಾಕು. ಒಂದರಲ್ಲಿ ಪ್ರತಿಯೊಬ್ಬರೂ ತಮ್ಮ ಒಂದು ಉಸಿರಿನಷ್ಟು ಉದ್ದದ ಸ್ವರ ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ಇನ್ನೊಂದರಲ್ಲಿ ವಾದ್ಯದಿಂದ ಹೊರಡಬಲ್ಲ ಅತ್ಯಂತ ಕಡಿಮೆ ಹೊತ್ತಿನ ಸದ್ದನ್ನು ಮಾತ್ರ ಮಾಡಬೇಕು. ಕೇಳಲು ಸುಲಭ, ಮಾಡಲು ಕೂತರೆ ಬೆವರು ಬರುತ್ತದೆ. ಪ್ರತಿ ತಾಲೀಮನ್ನೂ ರೆಕಾರ್ಡ್ ಮಾಡಿ, ಒಟ್ಟಿಗೆ ಕೂತು ಕೇಳಿ. ಚೆನ್ನಾಗಿ ಬಂದದ್ದನ್ನು ಮರುದಿನ ಮತ್ತೆ ತರಲು ಹೋಗಬೇಡಿ.

ಮುಂದೆ ಹತ್ತು ಹನ್ನೆರಡು ಮಂದಿಯಾದರೆ ಕೈಸನ್ನೆಯಿಂದ ನಡೆಸುವ ಒಬ್ಬರು ಬೇಕಾಗಬಹುದು. ಅಮೆರಿಕದ ಬುಚ್ ಮಾರಿಸ್ 1985ರಿಂದ ಆ ಪದ್ಧತಿಯನ್ನು ಬೆಳೆಸಿದರು. ಐವರಿಗೆ ಅದು ಬೇಡ.

ಚೌಡಿಕೆಯ ತಾಯಿಯವರ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅವರ ಪದಗಳು ಎಲ್ಲಮ್ಮನ ಸೇವೆಗೆ ಸೇರಿದವು. ಯಾವುದನ್ನು ಈ ವೇದಿಕೆಗೆ ತರಬಹುದು, ಯಾವುದನ್ನು ತರಬಾರದು ಎಂಬುದನ್ನು ಅವರೇ ಹೇಳಲಿ. ಮೇಳಕ್ಕೆ ಜಾನಪದದ ಬಣ್ಣ ಬಳಿಯಲೆಂದು ಅವರನ್ನು ಕರೆಯುವುದಾದರೆ ಕರೆಯದಿರುವುದೇ ಒಳ್ಳೆಯದು. ಕಛೇರಿಗಳಲ್ಲಿ ಮುಖ್ಯ ಕಲಾವಿದರು ನಡುವೆ, ಸಾಥಿಗಳು ಎಡಬಲಕ್ಕೆ ಕೂರುತ್ತಾರೆ. ನೀವು ಎಲ್ಲರ ಕಣ್ಣು ಎಲ್ಲರಿಗೂ ಸಿಗುವಂತೆ ಅರ್ಧಚಂದ್ರಾಕಾರದಲ್ಲಿ ಕೂರಿ. ಮೊದಲರ್ಧದಲ್ಲಿ ಜೋಡಿಗಳು, ಮೂವರ ಗುಂಪುಗಳು. ಕೊನೆಗೆ ಐವರೂ ಸೇರಿ ಇಪ್ಪತ್ತು ನಿಮಿಷ. ಸಂಭಾವನೆ ಐವರಿಗೂ ಸಮನಾಗಿರಲಿ, ಕರಪತ್ರದಲ್ಲಿ ಹೆಸರುಗಳು ಅಕಾರಾದಿಯಾಗಿ ಬರಲಿ. ಊರಿನಿಂದ ಬಸ್ಸು ಹಿಡಿದು ತಾಲೀಮಿಗೆ ಬರುವವರಿಗೆ ಆ ದಿನದ ದುಡಿಮೆಯ ಹಣವನ್ನೂ ಕೊಡಿ.