‘ಎಚ್’ ಹೆಸರಿನಲ್ಲಿ ‘ಹ’ ಯಾಕಿಲ್ಲ?

ಇಂಗ್ಲಿಷ್ ಉಚ್ಚಾರಣೆ ಕಲಿಸುವ ನನಗೆ ಜಾಸ್ತಿ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಎಚ್’ ಸರಿಯೋ, ‘ಹೆಚ್’ ಸರಿಯೋ? ನಮ್ಮ ಪತ್ರಿಕೆಗಳಲ್ಲೇ ಎರಡೂ ಇವೆ. ಒಂದರಲ್ಲಿ ಎಚ್‌ಎಎಲ್ ಎಂದಿದ್ದರೆ ಇನ್ನೊಂದರಲ್ಲಿ ಹೆಚ್‌ಎಎಲ್ ಎಂದಿರುತ್ತದೆ.

ಇಂಗ್ಲಿಷ್ ನಿಘಂಟುಗಳು ಮೊದಲು ಕೊಡುವುದು ‘ಎಚ್’ ಅನ್ನೇ, ಎಕಾರವನ್ನು ಸ್ವಲ್ಪ ಎಳೆದು ‘ಎಯ್ಚ್’ ಎಂಬಂತೆ. ಆದರೆ ‘ಹೆಚ್’ ಎಂದವರನ್ನು ನೋಡಿ ನಗುವವರಿದ್ದಾರಲ್ಲ, ಅವರಿಗೆ ಈ ಅಕ್ಷರದ ಕಥೆ ಗೊತ್ತಿರಬೇಕು. ಬಿ ಹೆಸರಿನಲ್ಲಿ ಬ ಇದೆ. ಎಫ್‌ನಲ್ಲಿ ಫ ಇದೆ, ಎಮ್‌ನಲ್ಲಿ ಮ ಇದೆ. ಆದರೆ ಎಚ್‌ನಲ್ಲಿ ಹ ಇಲ್ಲ. ಹಾಗಿರುವಾಗ ‘ಹೆಚ್’ ಅನ್ನುವುದು ದಡ್ಡತನ ಹೇಗಾಗುತ್ತದೆ? ಅಕ್ಷರದ ಹೆಸರಿನಲ್ಲಿ ಅದರ ಸದ್ದು ಇರಬೇಕೆಂದು ಕಿವಿ ಬಯಸುತ್ತದೆ, ಅಷ್ಟೆ.

ಈ ಅಕ್ಷರದ ಮೂಲ, ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿದ್ದ ಪ್ರಾಚೀನ ಜನರಾದ ಫಿನೀಷಿಯನ್ನರ ‘ಹೇತ್’. ಎರಡು ನೆಟ್ಟ ಗೆರೆ, ನಡುವೆ ಅಡ್ಡಗೆರೆಗಳು. ನೋಡಲು ಬೇಲಿಯಂತಿದ್ದುದರಿಂದ ಹೆಸರಿನ ಅರ್ಥವೂ ಬೇಲಿ ಇರಬಹುದು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಅದರ ಸದ್ದು ಗಂಟಲಿನಿಂದ ಬರುವ ಗಟ್ಟಿ ಹ. ಗ್ರೀಕರು ಇದನ್ನು ಪಡೆದು ‘ಹೇಟಾ’ ಎಂದು ಕರೆದರು. ಕಾಲ ಕಳೆದಂತೆ ಮೇಲಿನ, ಕೆಳಗಿನ ಅಡ್ಡಗೆರೆಗಳು ಬಿದ್ದುಹೋಗಿ ನಡುವಿನದೊಂದೇ ಉಳಿಯಿತು.

ಮುಂದೆ ಆದದ್ದು ನನಗೆ ತುಂಬ ಇಷ್ಟವಾದ ಭಾಗ. ಪೂರ್ವದ ಅಯೋನಿಯಾ ಸೀಮೆಯ ಗ್ರೀಕರ ಮಾತಿನಲ್ಲಿ ಹ ಸದ್ದೇ ಮಾಯವಾಯಿತು. ಆಗ ‘ಹೇಟಾ’ ‘ಏಟಾ’ ಆಯಿತು. ಹೆಸರು ಏ ಎಂದು ಶುರುವಾಗುತ್ತದಲ್ಲ, ಅದಕ್ಕೆ ಅವರು ಅಕ್ಷರವನ್ನೇ ದೀರ್ಘ ಸ್ವರಕ್ಕೆ ಬಳಸಿಕೊಂಡರು. ವ್ಯಂಜನವೊಂದು ಸ್ವರವಾಗಿಬಿಟ್ಟಿತು! ಕ್ರಿ.ಪೂ. 403ರಲ್ಲಿ ಅಥೆನ್ಸ್ ಕೂಡ ಅಯೋನಿಯಾದ ಲಿಪಿಯನ್ನೇ ಅಧಿಕೃತವಾಗಿ ಒಪ್ಪಿಕೊಂಡಿತು. ಅಥೆನ್ಸಿನವರ ಬಾಯಲ್ಲಿ ಹ ಇನ್ನೂ ಇತ್ತು, ಬರೆಯಲು ಅಕ್ಷರ ಮಾತ್ರ ಇಲ್ಲವಾಯಿತು. ಪಶ್ಚಿಮದ ಗ್ರೀಕರು ಹಳೆಯ ಬಳಕೆಯನ್ನೇ ಉಳಿಸಿಕೊಂಡಿದ್ದರು. ಅವರಿಂದ ಇಟಲಿಯ ಪ್ರಾಚೀನ ಜನರಾದ ಎಟ್ರುಸ್ಕನ್ನರು, ಅವರಿಂದ ರೋಮನ್ನರು ಇದನ್ನು ಹ ಅಕ್ಷರವಾಗಿಯೇ ಪಡೆದರು. ಲ್ಯಾಟಿನ್‌ನಲ್ಲಿ ಇದರ ಹೆಸರು ‘ಹಾ’.

ಆದರೆ ರೋಮ್‌ನಲ್ಲೂ ಜನರ ಬಾಯಿಂದ ಹ ಜಾರತೊಡಗಿತು. ಕ್ರಿ.ಪೂ. 1ನೇ ಶತಮಾನದ ಕವಿ ಕ್ಯಾಟಲಸ್, ಆರಿಯಸ್ ಎಂಬವನನ್ನು ಗೇಲಿ ಮಾಡಿ ಒಂದು ಪದ್ಯ ಬರೆದಿದ್ದಾನೆ. ಈ ಆರಿಯಸ್ ದೊಡ್ಡವರಂತೆ ಮಾತಾಡಬೇಕೆಂದು ಇಲ್ಲದ ಕಡೆಯೂ ಹ ಸೇರಿಸುತ್ತಿದ್ದನಂತೆ. ಅವನ ಬಾಯಲ್ಲಿ ಅಯೋನಿಯನ್ ಸಮುದ್ರಕ್ಕೂ ಒಂದು ಹ ಅಂಟಿಕೊಂಡಿತು. ನಮಗೆ ಇದು ಹೊಸದಲ್ಲ. ಮೈಸೂರು, ಮಂಡ್ಯ ಕಡೆಯ ಹಳ್ಳಿಮಾತಿನಲ್ಲಿ ಹಾಲು ‘ಆಲು’, ಹೂವು ‘ಊವು’ ಆಗುತ್ತದೆ. ತಿದ್ದಿಕೊಳ್ಳಲು ಹೋಗಿ ಅಕ್ಕಿಯನ್ನು ‘ಹಕ್ಕಿ’ ಮಾಡುವುದೂ ಉಂಟು. ಹ ಬಿಟ್ಟರೂ ಅವಮಾನ, ಸೇರಿಸಿದರೂ ಅವಮಾನ. ಎರಡು ಸಾವಿರ ವರ್ಷಗಳಿಂದ ಈ ಒಂದು ಸದ್ದಿನ ಮೇಲೆ ಜನರನ್ನು ಅಳೆಯುತ್ತಾ ಬಂದಿದ್ದೇವೆ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ.

ಹ ಹೋದಮೇಲೆ ‘ಹಾ’ ಎಂಬ ಹೆಸರು ಬರೀ ‘ಆ’ ಆಗುತ್ತದೆ. ಆದರೆ ಅದು ಮೊದಲ ಅಕ್ಷರದ ಹೆಸರಲ್ವಾ? ಗೊಂದಲ ತಪ್ಪಿಸಲು ಹೆಸರಿನ ನಡುವೆ ಒಂದು ಗಟ್ಟಿ ಸದ್ದು ಸೇರಿಕೊಂಡಿತು ಎನ್ನುವುದು ವಿದ್ವಾಂಸರ ಅಭಿಪ್ರಾಯ. ಇಟಲಿಯವರು ಇವತ್ತಿಗೂ ಇದನ್ನು ‘ಆಕ್ಕಾ’ ಅನ್ನುತ್ತಾರೆ. ಅದೇ ಬಗೆಯ ಹೆಸರು ಹಳೆಯ ಫ್ರೆಂಚ್‌ನಲ್ಲಿ ‘ಆಚೆ’ ಎಂಬಂತಾಯಿತು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಬಳಕೆಗಳು ಅಲ್ಲಿ ಬೇರೂರಿದವು, ಈ ಹೆಸರೂ ಜೊತೆಗೆ ಬಂತು. ಮುಂದೆ ಫ್ರೆಂಚರ ಚ ಶ ಆಗಿ ಅವರು ‘ಆಶ್’ ಅನ್ನತೊಡಗಿದರು. ಇಂಗ್ಲಿಷರು ಚ ಉಳಿಸಿಕೊಂಡರು. ಆದರೆ ಅವರ ದೀರ್ಘ ಸ್ವರಗಳೆಲ್ಲ ಬದಲಾದಾಗ ಆ ಹೋಗಿ ಎಯ್ ಬಂತು.

ಇಂಗ್ಲಿಷ್‌ನಲ್ಲಿ ‘ಅವರ್’ (hour), ‘ಆನೆಸ್ಟ್’ (honest) ಮುಂತಾದ ಪದಗಳ ಮೊದಲ ಅಕ್ಷರ ಸದ್ದು ಮಾಡದಿರುವುದಕ್ಕೂ ಇದೇ ಕಾರಣ. ಅವು ಫ್ರೆಂಚ್‌ನಿಂದ ಬಂದದ್ದೇ ಹ ಇಲ್ಲದೆ. ಇಂಗ್ಲಿಷ್‌ನ ಸ್ವಂತ ಪದಗಳಾದ ಹೌಸ್, ಹಾರ್ಟ್, ಹ್ಯಾಂಡ್‌ಗಳಲ್ಲಿ ಹ ಗಟ್ಟಿಯಾಗಿದೆ.

‘ಹೆಚ್’ ನಮ್ಮವರ ಬಾಯಲ್ಲಿ ಮಾತ್ರ ಇರುವುದೂ ಅಲ್ಲ. ಐರ್ಲೆಂಡ್‌ನಲ್ಲಿ ಅದು ಮಾಮೂಲಿ. ಉತ್ತರ ಐರ್ಲೆಂಡ್‌ನಲ್ಲಿ ಕ್ಯಾಥೊಲಿಕರು ಸಾಮಾನ್ಯವಾಗಿ ‘ಹೆಯ್ಚ್’ ಅನ್ನುತ್ತಾರೆ, ಪ್ರೊಟೆಸ್ಟೆಂಟರು ‘ಎಯ್ಚ್’ ಅನ್ನುತ್ತಾರೆ. ಅಲ್ಲಿನ ಗಲಭೆಯ ವರ್ಷಗಳಲ್ಲಿ, ಈ ಒಂದು ಅಕ್ಷರ ಕೇಳಿಯೇ ಎದುರಿನವರು ಯಾವ ಕಡೆಯವರು ಎಂದು ಊಹಿಸುವುದಿತ್ತು. ಬ್ರಿಟನ್ನಿನ ಯುವಜನರಲ್ಲೂ ಈಗ ‘ಹೆಯ್ಚ್’ ಹೆಚ್ಚುತ್ತಿದೆ.

ಸಂದರ್ಶನಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟು: ‘ಎಚ್’ ಅಭ್ಯಾಸ ಮಾಡಿಕೊಂಡರೆ ಎಲ್ಲ ಕಡೆ ನಡೆಯುತ್ತದೆ. ‘ಹೆಚ್’ ನಾಲಿಗೆಗೆ ಬಂದರೆ ಹೆದರಿ ಮಾತು ನಿಲ್ಲಿಸಬೇಡಿ. ಬರೆಯುವಾಗ ಮಾತ್ರ ಒಂದು ಎಚ್ಚರ ಬೇಕು. ಎಚ್‌ಆರ್ ಮ್ಯಾನೇಜರ್ ಎನ್ನುವುದಕ್ಕೆ ಮೊದಲು ‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಎನ್ನುವುದನ್ನು ನಿರ್ಧರಿಸುವುದು ಉಚ್ಚಾರಣೆ. ‘ಎಚ್’ ಅನ್ನುವವರಿಗೆ ಅದು ಸ್ವರದಿಂದ ಶುರು, ಹಾಗಾಗಿ ‘ಆ್ಯನ್’. ‘ಹೆಚ್’ ಅನ್ನುವವರಿಗೆ ‘ಎ’ ಸಹಜ. ಆದರೆ ಕಂಪನಿಗಳ ಪತ್ರಗಳಲ್ಲಿ, ಅರ್ಜಿಗಳಲ್ಲಿ ‘ಆ್ಯನ್’ ರೂಢಿ. ಬರಹದಲ್ಲಿ ಅದನ್ನೇ ಇಟ್ಟುಕೊಳ್ಳಿ.