ರಸ್ತೆ ದಾಟಿ ಬನ್ನಿ

ಭಾನುವಾರ ಬೆಳಿಗ್ಗೆ ನನ್ನ ಸ್ಟುಡಿಯೋಗೆ ನಾಲ್ಕೈದು ಜನ ಬರುತ್ತಾರೆ. ಒಬ್ಬರು ಬ್ಯಾಂಕಿನವರು, ಒಬ್ಬರು ಮೇಷ್ಟ್ರು, ಮಿಕ್ಕವರು ಇಂಜಿನಿಯರಿಂಗ್ ಹುಡುಗರು. ವಾರದಲ್ಲಿ ತೆಗೆದ ಫೋಟೋ ತೋರಿಸುತ್ತಾರೆ, ಬೈಸಿಕೊಂಡು ಹೋಗುತ್ತಾರೆ. ಫೀಸು ಇಲ್ಲ, ಚಾ ಖರ್ಚು ಅವರದು. ಹೋದ ತಿಂಗಳು ಬ್ಯಾಂಕಿನವರು ದೂರದ್ದನ್ನು ಹತ್ತಿರ ಎಳೆದು ತೋರಿಸುವ ಹೊಸ 70-300 ಜೂಮ್ ಲೆನ್ಸ್ ಕೊಂಡರು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಖಡಕ್ ರೊಟ್ಟಿ ಮಾರುವ ಒಬ್ಬ ಆಯಿಯ ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದುಕೊಂಡು ಬಂದರು. ಎಲ್ಲವೂ ರಸ್ತೆಯ ಈಚೆ ಕಡೆಯಿಂದ.

"ಕ್ಯಾಂಡಿಡ್ ಸರ್. ಆಯಿಗಿ ಗೊತ್ತೇ ಆಗಿಲ್ಲ."

ಒಂದೊಂದಾಗಿ ನೋಡಿದೆ. ಮೊದಲ ಹತ್ತರಲ್ಲಿ ಆಯಿ ಗಿರಾಕಿ ಜೊತೆ ಮಾತಾಡುತ್ತಿದ್ದಾರೆ. ಹನ್ನೊಂದನೆಯದರಲ್ಲಿ ಕತ್ತು ಈ ಕಡೆ ತಿರುಗಿದೆ. ಅಲ್ಲಿಂದ ಮುಂದೆ ಎಲ್ಲದರಲ್ಲೂ ಒಂದೇ ಮುಖ. ಹುಬ್ಬು ಗಂಟಿಕ್ಕಿದೆ, ಸೆರಗು ಹಣೆವರೆಗೆ ಬಂದಿದೆ. ಗೊತ್ತೇ ಆಗಿಲ್ಲವಂತೆ!

ಬೀದಿಯಲ್ಲಿ ಕೂತು ವ್ಯಾಪಾರ ಮಾಡುವವರ ಕಣ್ಣು ನಮ್ಮ ನಿಮ್ಮ ಕಣ್ಣಿನಂಥದ್ದಲ್ಲ. ಕೊಳ್ಳುವವರು ಯಾರು, ಸುಮ್ನೆ ರೇಟು ಕೇಳಿ ಹೋಗುವವರು ಯಾರು, ಯಾವ ದನ ಯಾವ ಬುಟ್ಟಿಗೆ ಬಾಯಿ ಹಾಕಲಿದೆ, ಎಲ್ಲ ಗೊತ್ತಿರುತ್ತದೆ. ಅಂಥವರಿಗೆ ಮೊಳದುದ್ದದ ಕರಿ ಲೆನ್ಸ್ ಹಿಡಿದು ಕಂಬದ ಹಿಂದೆ ನಿಂತವರು ಕಾಣುವುದಿಲ್ಲವೇ?

ನಾನೂ ದೊಡ್ಡ ಜಾಣನೇನಲ್ಲ. ಸ್ಟುಡಿಯೋ ಹಾಕಿದ ಹೊಸದರಲ್ಲಿ ಸ್ಟೇಷನ್ ರಸ್ತೆಯ ಒಂದು ಅಂಗಡಿಯ ಮಹಡಿ ಹತ್ತಿ, ಕೆಳಗಿನ ತಳ್ಳುಗಾಡಿಗಳ ಸಾಲನ್ನು ಜೂಮ್ ಹಾಕಿ ತೆಗೆಯುತ್ತಿದ್ದೆ. ಹತ್ತು ನಿಮಿಷಕ್ಕೆ ಬಾಳೆಹಣ್ಣಿನವನು ಗಾಡಿ ತಳ್ಳಿಕೊಂಡು ಹೊರಟ. ಅವನ ಹಿಂದೆ ಪೇರಲದವನು. ಆಮೇಲೆ ಇಡೀ ಸಾಲೇ ಖಾಲಿ. ಇಳಿದು ಕೇಳಿದರೆ, "ಗಾಡಿ ಎತ್ತಸಾಕ ಫೋಟೋ ಹೊಡೀಲಕತ್ತಾರ ಅಂದ್ರುರಿ" ಅಂದರು. ಮೇಲಿನಿಂದ ಯಾರೋ ಫೋಟೋ ತೆಗೆದರೆ ಮರುದಿನ ಫುಟ್‌ಪಾತ್ ತೆರವು ಅಂತ ಅವರ ಲೆಕ್ಕ. ನನ್ನ ಕಲೆಯ ದೆಸೆಯಿಂದ ಏಳೆಂಟು ಮನೆಗಳ ಒಂದು ಸಂಜೆಯ ಗಲ್ಲಾ ಹೋಯಿತು.

ಇದು ಬರೀ ಮರ್ಯಾದೆಯ ಮಾತಾಗಿದ್ದರೆ ಅಂಕಣ ಬರೆಯುತ್ತಿರಲಿಲ್ಲ. ಫೋಟೋನೇ ಕೆಡುತ್ತದೆ. ಎಷ್ಟು ಸಲ ಹೇಳಿದರೂ ನಮ್ಮವರ ತಲೆಗೆ ಇಳಿಯದ ವಿಷಯ ಇದೇ: ಜೂಮ್ ಮಾಡುವುದು ಬೇರೆ, ಹತ್ತಿರ ಹೋಗುವುದು ಬೇರೆ. ಜೂಮ್ ಅಂದರೆ ಇದ್ದ ಚಿತ್ರದಲ್ಲಿ ಒಂದು ತುಂಡು ಕತ್ತರಿಸಿ ದೊಡ್ಡದು ಮಾಡಿದ ಹಾಗೆ. ಯಾವುದು ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಕಾಣಬೇಕು ಅನ್ನುವುದು ನೀವು ನಿಂತ ಜಾಗದಿಂದ ತೀರ್ಮಾನ ಆಗುತ್ತದೆ. ಲೆನ್ಸಿನಿಂದಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ಮೂಗಿನ ತುದಿಯಿಂದ ಕಿವಿಗೆ 12 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಮೊಬೈಲನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಮೂಗು 40ರಲ್ಲಿದೆ, ಕಿವಿ 52ರಲ್ಲಿದೆ. ಅಂದರೆ ಕಿವಿಯ ಅಳತೆಗೆ ಹೋಲಿಸಿದರೆ ಮೂಗು ಶೇ 30ರಷ್ಟು ಉಬ್ಬಿ ಬೀಳುತ್ತದೆ. ಸೆಲ್ಫಿಯಲ್ಲಿ ಎಲ್ಲರ ಮೂಗೂ ಬದನೆಕಾಯಿ ಆಗುವುದು ಇದಕ್ಕೇ. ಒಂದು ಮಾರು, ಅಂದರೆ ಸುಮಾರು ಆರು ಅಡಿ ದೂರ ನಿಂತರೆ ವ್ಯತ್ಯಾಸ ಶೇ 7ರ ಆಸುಪಾಸು. ಮುಖ ಮುಖದ ಹಾಗೇ ಇರುತ್ತದೆ. ರಸ್ತೆಯಾಚೆ, 15 ಮೀಟರ್ ದೂರಕ್ಕೆ ಹೋದರೆ ಶೇ 1 ಕೂಡ ಇಲ್ಲ. ಮೂಗು, ಕೆನ್ನೆ, ಕಿವಿ ಎಲ್ಲ ಒಂದೇ ಹಲಗೆಗೆ ಅಂಟಿಸಿದಂತೆ ಚಪ್ಪಟೆ.

ಬೆನ್ನ ಹಿಂದಿನ ಗೋಡೆಗೂ ಇದೇ ಲೆಕ್ಕ, ಅದನ್ನು ನೀವೇ ಮಾಡಿ. ಸಾಲದ್ದಕ್ಕೆ ಉದ್ದ ಲೆನ್ಸು ಹಿಂದಿನದ್ದನ್ನೆಲ್ಲ ಮಸುಕು ಮಾಡುತ್ತದೆ. ಆ ಮಸುಕಿಗೆ ಹುಡುಗರು ಜೀವ ಬಿಡುತ್ತಾರೆ. ಮದುವೆ ಹುಡುಗಿಗೆ ಅದು ಚಂದ, ನಾನೂ ಮಾಡುತ್ತೇನೆ, ಅದರಲ್ಲೇ ಹೊಟ್ಟೆ ಹೊರೆಯುತ್ತೇನೆ. ಆದರೆ ದಿನದ ಬದುಕು ತೆಗೆಯಲು ಹೊರಟವರು ಬದುಕನ್ನೇ ಒರೆಸಿದರೆ ಹೇಗೆ? ಬ್ಯಾಂಕಿನವರ ಫೋಟೋದಲ್ಲಿ ಆಯಿಯ ಹಿಂದೆ ಇದ್ದದ್ದು ಹಸಿರು ಮಸುಕು. ಆಕೆ ದಾವಣಗೆರೆಯಲ್ಲಿ ಕೂತಿದ್ದರೂ ಅದೇ ಫೋಟೋ. ನಾನು ಆಕೆಯ ಹತ್ತಿರವೇ ರೊಟ್ಟಿ ಒಯ್ಯುವವನು. ಎದುರಿಗೆ ಮೊಣಕಾಲೆತ್ತರದ ರೊಟ್ಟಿ ಅಟ್ಟಿ ಇರುತ್ತದೆ, ಪಕ್ಕದಲ್ಲಿ ಶೇಂಗಾ ಹಿಂಡಿ ಡಬ್ಬಿ, ಬೆನ್ನಿಗೆ ಆತು ಹೋಂವರ್ಕ್ ಬರೆಯುತ್ತ ಕೂತ ಮೊಮ್ಮಗಳು. ಇನ್ನೂರು ಫೋಟೋದಲ್ಲಿ ಆ ಹುಡುಗಿ ಒಂದರಲ್ಲೂ ಇಲ್ಲ.

ಹಾಗಾಗಿ ಕ್ಯಾಮೆರಾ ಕೊಂಡಾಗ ಕಿಟ್ ಜೊತೆ ಬರುವ 18-55 ಲೆನ್ಸ್ ಸಾಕು. ಜೂಮನ್ನು 24ರ ಹತ್ತಿರ ಇಟ್ಟು, ಎಫ್ (ಲೆನ್ಸಿನ ಕಿಂಡಿಯ ಅಳತೆ) 5.6, ಶಟರ್ (ಕಿಂಡಿ ತೆರೆದಿರುವ ಹೊತ್ತು) ಸೆಕೆಂಡಿನ 1/250, ಒಂದು ಮಾರು ದೂರ. ಮೊಬೈಲಾದರೆ ಜೂಮ್ ಮುಟ್ಟಬೇಡಿ, ಹಿಂದಿನದ್ದನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೇಡ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ ಬ್ರೆಸಾಂ ಬದುಕಿನ ಬಹುಪಾಲು 50 ಎಂಎಂ ಲೆನ್ಸ್ ಒಂದರಲ್ಲೇ ಬೀದಿ ಸುತ್ತಿದರು. "ಅವ್ರೇನ್ ಕೇಳಿ ತಗೀತಿದ್ರೇನ್ರಿ?" ಅಂತ ಒಬ್ಬ ಹುಡುಗ ಪಾಟೀ ಸವಾಲು ಹಾಕಿದ. ಬಹಳ ಸಲ ಇಲ್ಲ, ಒಪ್ಪಿದೆ. ಆ ಕೈಚಳಕ ನಿನಗೆ ಬರುವ ತನಕ ನೀನು ಕೇಳಿ ತೆಗಿ ಮಾರಾಯ ಅಂದೆ. ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923-2009) ತೆಗೆದ ಮಕ್ಕಳನ್ನು ನೋಡಿ. ಕ್ಯಾಮೆರಾ ಹಿಡಿದವರು ಅಲ್ಲೇ ಪಕ್ಕದಲ್ಲಿ ಕೂತಿದ್ದಾರೆ ಅನ್ನಿಸುತ್ತದೆ.

"ಕೇಳಿದ್ರ ಪೋಸ್ ಕೊಡ್ತಾರ್ರಿ ಸರ್, ನ್ಯಾಚುರಲ್ ಹೋಗಿಬಿಡ್ತದ." ಪ್ರತಿ ಭಾನುವಾರ ಇದೊಂದು ಮಾತು. ಕೊಡಲಿ ಬಿಡಿ! ಅಂಗಿ ಜಗ್ಗಿಕೊಂಡು, ಗದ್ದ ಎತ್ತಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಫೋಟೋನೂ ಮನಸ್ಸಿಟ್ಟು ತೆಗೆಯಿರಿ, ಅದು ಅವರಿಗೆ ಬೇಕಾದ ಫೋಟೋ. ತೋರಿಸಿ. ಆಮೇಲೆ ಅಲ್ಲೇ ಇರಿ. ನಮ್ಮವರು ಥ್ಯಾಂಕ್ಸ್ ಅಂದು ಓಡಿಬಿಡುತ್ತಾರೆ, ತಪ್ಪುವುದು ಅಲ್ಲೇ. ನೀವು ನಿಂತೇ ಇದ್ದರೆ ಗಿರಾಕಿ ಬರುತ್ತಾನೆ, ಚಿಲ್ಲರೆ ಜಗಳ ಆಗುತ್ತದೆ, ಫೋನ್ ಬರುತ್ತದೆ. ಹತ್ತು ನಿಮಿಷಕ್ಕೆ ನೀವು ಅಂಗಡಿಯ ಸ್ಟೂಲಿದ್ದ ಹಾಗೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ನ್ಯಾಚುರಲ್ ಆಗ ಸಿಗುತ್ತದೆ. ಇದನ್ನು ಕಲಿಯಲು ಒಳ್ಳೆಯ ಜಾಗ ಡಿಸೆಂಬರ್-ಜನವರಿಯ ತೊಗರಿ ರಾಶಿ. ಮಷಿನ್ ಶುರುವಾಯಿತೆಂದರೆ ಪೋಸ್ ಕೊಡಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ಲೆನ್ಸ್ ಮಾತ್ರ ಬಿಚ್ಚಬೇಡಿ. ಹೊಟ್ಟು ಒಳಗೆ ಹೋದರೆ ಕ್ಲೀನ್ ಮಾಡಿಸುವ ಖರ್ಚು ನಿಮ್ಮದು.

ಬೇಸಿಗೆಯಲ್ಲಿ ಹನ್ನೊಂದು ಗಂಟೆ ಮೇಲೆ ಯಾರನ್ನೂ ಬಿಸಿಲಿಗೆ ಎಳೆಯಬೇಡಿ. 42 ಡಿಗ್ರಿ ನಮಗೆ ಹೊಸದಲ್ಲ, ಆದರೆ ಆ ಬಿಸಿಲಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕರಿ ಗುಳಿ ಬರುತ್ತವೆ. ಅವರು ಕೂತ ನೆರಳಿಗೆ ನೀವು ಹೋಗಿ. ಅಂಗಳಕ್ಕೆ ಶಹಾಬಾದಿ ಫರಸಿ ಕಲ್ಲು ಹಾಸಿದ್ದರೆ ಅದಕ್ಕೆ ಬಿದ್ದ ಬಿಸಿಲು ಪುಟಿದು ಕಟ್ಟೆ ಮೇಲಿನವರ ಮುಖಕ್ಕೆ ಮೆತ್ತಗೆ ಬರುತ್ತದೆ. ನನ್ನ ಸ್ಟುಡಿಯೋದ ಛತ್ರಿ ಲೈಟಿಗೂ ಅಷ್ಟು ಮೆತ್ತನೆ ಬೆಳಕು ಬರುವುದಿಲ್ಲ.

ಇನ್ನು ಕೇಳುವುದು ಹೇಗೆ? ದರ್ಗಾ ಕಡೆ ಹೋದರೆ "ಫೋಟೋ ಕಾಯ್ಕೂ ಭಾಯ್?" ಅನ್ನುತ್ತಾರೆ, ಬಜಾರಿನಲ್ಲಿ "ಯಾಕ್ರಿ?" ಅನ್ನುತ್ತಾರೆ. ಎರಡಕ್ಕೂ ಇದ್ದದ್ದು ಇದ್ದ ಹಾಗೆ ಹೇಳಿ: ಕಲಿಯುತ್ತಿದ್ದೇನೆ, ನಿಮ್ಮ ಕೆಲಸ ಚಂದ ಕಂಡಿತು. ಬ್ಯಾಡ್ರಿ ಅಂದರೆ ಕ್ಯಾಮೆರಾ ಇಳಿಸಿ ಚಾ ಕುಡಿದು ಬನ್ನಿ. ಮಕ್ಕಳಾದರೆ ಅಪ್ಪ-ಅಮ್ಮನನ್ನು ಕೇಳಲೇಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಜೋಕೆ. ನಮ್ಮ ಊರು ನಿಜಾಮರ ರಾಜ್ಯದಲ್ಲಿದ್ದ ಕಾಲಕ್ಕೆ ಅವರ ಆಸ್ಥಾನದ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್. ಪರದೆಯಲ್ಲಿರುವ ಹೆಂಗಸರಿಗೆ ಅಂತಲೇ ಅವರು 1892ರಲ್ಲಿ ಹೈದರಾಬಾದಿನಲ್ಲಿ ಬೇರೆ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಹೆಣ್ಣುಮಗಳ ಕೈಗೆ ಕೊಟ್ಟರು. ಅಷ್ಟು ದೊಡ್ಡವರಿಗೆ ಇದ್ದ ವಿವೇಚನೆ ನಮಗೂ ಇರಲಿ, ಅಲ್ವಾ? ಫೋಟೋವನ್ನು ಜಾಹೀರಾತಿಗೆ ಮಾರುವ ಯೋಚನೆ ಇದ್ದರೆ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳುವುದು ಕ್ಷೇಮ. ಅನುಮಾನ ಬಂದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಮತ್ತೆ, ದಯವಿಟ್ಟು ಒಂದು ಪ್ರಿಂಟ್ ಕೊಡಿ. "ಮುತ್ಯಾ ಹ್ವಾದ್ರುರಿ, ನಾಳಿಗಿ ಫೋಟೋ ಬೇಕು" ಅಂತ ಮಂದಿ ನನ್ನ ಹತ್ತಿರ ತರುವುದು ಆಧಾರ್ ಕಾರ್ಡು. ಅದರ ಅಂಚೆಚೀಟಿಯಷ್ಟು ಮಸಿ ಮುಖವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಬೇಕು. ಅದೇ ಮುತ್ಯಾನ ಫೋಟೋ ಊರಿನ ಎಷ್ಟು ಹುಡುಗರ ಮೊಬೈಲಿನಲ್ಲಿದೆಯೋ. ರುಮಾಲು ಚಂದ ಇದೆ ಅಂತ ಯಾವುದೋ ಜಾತ್ರೆಯಲ್ಲಿ ತೆಗೆದಿರುತ್ತಾರೆ. ಮನೆಯವರಿಗೆ ಗೊತ್ತಿರುವುದಿಲ್ಲ.

ಬ್ಯಾಂಕಿನವರು ಮುಂದಿನ ವಾರ ರಸ್ತೆ ದಾಟಿದರು. ಬರುವಾಗ ಒಂಬತ್ತೇ ಫೋಟೋ ತಂದಿದ್ದರು, ಜೊತೆಗೆ ಮೂರು ಕಟ್ಟು ರೊಟ್ಟಿ. ಹೋಗಿ ನಿಂತ ಕೂಡಲೇ ಆಯಿ ಕೇಳಿದರಂತೆ, "ಆವತ್ತ ಕಂಬದ ಹಿಂದ ನಿಂತಾಂವ ನೀನ ಹೌದಿಲ್ಲೋ?" ಹಾಗೆ ಕೇಳುತ್ತಿರುವಾಗಲೇ ಒಂದು ತೆಗೆದಿದ್ದಾರೆ. ಆಯಿಯ ಬೆರಳು ನೇರ ಕ್ಯಾಮೆರಾ ಕಡೆ, ಇನ್ನೊಂದು ಕೈಯಲ್ಲಿ ರೊಟ್ಟಿ, ಹಿಂದೆ ಮೊಮ್ಮಗಳು ಪೆನ್ಸಿಲ್ ಕಚ್ಚಿಕೊಂಡು ನಗುತ್ತಿದ್ದಾಳೆ. ಫೋಕಸ್ ಕಣ್ಣಿಗೆ ಬೀಳದೆ ರೊಟ್ಟಿಗೆ ಬಿದ್ದಿದೆ. ಅದಕ್ಕೂ ಬೈದೆ. ಪ್ರಿಂಟ್ ಹಾಕಿ ಕೌಂಟರಿನಲ್ಲಿ ಇಟ್ಟಿದ್ದೇನೆ, ಎರಡು ಪ್ರತಿ. ಅವರು ಬಂದು ಒಯ್ಯಬೇಕು.